ಮೊಣಕೈ ನೋವಿಗೆ ಪಿಆರ್‌ಪಿ: ದುಡ್ಡು ಕಟ್ಟುವ ಮುಂಚೆ

ತೀರ್ಥಹಳ್ಳಿಯ ಅಣ್ಣ ಕೇಳಿದ್ದಕ್ಕೆ ಉತ್ತರ. ದೋಟಿಯಲ್ಲಿ (ಕತ್ತಿ ಕಟ್ಟಿದ ಉದ್ದ ಕೋಲು) ಅಡಿಕೆ ಗೊನೆ ಇಳಿಸಿ ಬಲ ಮೊಣಕೈಯ ಹೊರಬದಿ ನಾಲ್ಕು ತಿಂಗಳಿಂದ ನೋವು, ಚೊಂಬು ಎತ್ತಿದರೂ ಚಳಕು ಹೊಡೆಯುತ್ತೆ, ಡಾಕ್ಟರು ಪಿಆರ್‌ಪಿ (ನಮ್ಮದೇ ರಕ್ತದ ಪ್ಲೇಟ್‌ಲೆಟ್, ಅಂದರೆ ಹೆಪ್ಪುಗಟ್ಟಿಸುವ ಕಣಗಳನ್ನು ಒತ್ತಟ್ಟು ಮಾಡಿ ಕೊಡುವ ಇಂಜೆಕ್ಷನ್) ಹೇಳಿದ್ದಾರೆ, ಅಪ್ಪಯ್ಯನ ಮೊಣಕಾಲಿಗೂ ಕೊಡಿಸಬಹುದಾ ಅಂತ ಬರೆದಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಈಗಲೇ ಬೇಡ. ನೀವು ಹೇಳಿದ ಲಕ್ಷಣ ಟೆನಿಸ್ ಎಲ್ಬೋದ್ದು, ಅಂದರೆ ಮೊಣಕೈ ಹೊರಬದಿಯಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನ ನೋವು. ಹೆಚ್ಚಿನವರಿಗೆ ಅದು ಒಂದು ವರ್ಷದೊಳಗೆ ಇಂಜೆಕ್ಷನ್ ಇಲ್ಲದೆಯೇ ಇಳಿಯುತ್ತೆ. ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿ, ಆಮೇಲೆ ಯೋಚಿಸಿ.

ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಿಂದ ಹೊರಗೆ ಬರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಎಡಗೈಯಿಂದ ಬಲ ಹಸ್ತವನ್ನು ಮೇಲೆತ್ತಿ, ಎಡಗೈ ಬಿಟ್ಟು, ನಿಧಾನಕ್ಕೆ ಐದು ಎಣಿಸುತ್ತಾ ಕೆಳಗಿಳಿಸಿ. ಹದಿನೈದು ಸಲ, ಮೂರು ಸುತ್ತು, ದಿನಕ್ಕೊಮ್ಮೆ. ಹತ್ತಕ್ಕೆ ಮೂರು–ನಾಲ್ಕರಷ್ಟು ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆಗೂ ಉಳಿದಿದ್ದರೆ ಭಾರ ಇಳಿಸಿ, ಉಳಿಯದಿದ್ದರೆ ವಾರ ಎರಡು ವಾರಕ್ಕೆ ಸ್ವಲ್ಪ ಏರಿಸಿ. ಈ ಮೂರು ತಿಂಗಳು ದೋಟಿ, ವೀಡ್ ಕಟರ್ ಬೇರೆಯವರ ಕೈಯಲ್ಲಿರಲಿ. ಹೆಚ್ಚಿನವರು ಎಡವುವುದೇ ಇಲ್ಲಿ: ಎರಡು ವಾರಕ್ಕೆ ನೋವು ಕಡಿಮೆಯಾಯ್ತು ಅಂತ ತೋಟಕ್ಕೆ ಹೋಗಿ ಬಿಗಿಯಾಗಿ ಹಿಡಿದುಬಿಡುತ್ತಾರೆ.

ಸ್ಟೀರಾಯ್ಡ್ ಇಂಜೆಕ್ಷನ್ನಿಗೂ ಆತುರ ಬೇಡ. ಆರು ವಾರ ಹಾಯೆನಿಸುತ್ತೆ, ವರ್ಷದ ಲೆಕ್ಕದಲ್ಲಿ ನೋವು ಮರುಕಳಿಸುವುದು ಅದರಲ್ಲೇ ಜಾಸ್ತಿ.

ಇನ್ನು ಪಿಆರ್‌ಪಿ. ನಿಮ್ಮದೇ ರಕ್ತಕ್ಕೆ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಬೆರೆಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಕೆಂಪುಕಣ ತಳಕ್ಕೆ ಹೋಗುತ್ತೆ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ತೆಳುವಾದ ಬಿಳಿ ಪದರ. ಸಾಮಾನ್ಯವಾಗಿ ಎರಡನೇ ಸಲ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ಒತ್ತಟ್ಟು ಮಾಡುತ್ತಾರೆ. ಎಷ್ಟು ರಕ್ತ ತೆಗೆದು ಎಷ್ಟು ಕೊಡುತ್ತೀರಿ ಅಂತ ಕೇಳಿಯೇ ಕೇಳಿ. 10 ಮಿಲಿ ತೆಗೆದು 4 ಮಿಲಿ ಕೊಟ್ಟರೆ, ಒಂದು ಪ್ಲೇಟ್‌ಲೆಟ್ಟೂ ನಷ್ಟವಾಗದಿದ್ದರೂ ಅದರ ಸಾಂದ್ರತೆ ರಕ್ತದಲ್ಲಿರುವುದರ ಎರಡೂವರೆ ಪಟ್ಟು ಮೀರುವುದಿಲ್ಲ. ನಷ್ಟ ಆಗಿಯೇ ಆಗುತ್ತೆ. 30 ಮಿಲಿ ತೆಗೆದು 4 ಮಿಲಿಗೆ ಇಳಿಸಿದರೆ, ಶೇ 60ರಷ್ಟು ಕೈಗೆ ಸಿಕ್ಕರೂ ನಾಲ್ಕೂವರೆ ಪಟ್ಟು. ಸಾಮಾನ್ಯವಾಗಿ ಗುರಿ ಇಡುವುದು ಮೂರರಿಂದ ಐದು ಪಟ್ಟಿಗೆ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುವವರಾದರೆ ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಭರವಸೆ ಅಷ್ಟಕ್ಕಷ್ಟೆ. ಟೆನಿಸ್ ಎಲ್ಬೋ ಕುರಿತ 32 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಸಂಸ್ಥೆ) ವಿಮರ್ಶೆಗೆ, ಔಷಧಿಯಿಲ್ಲದ ಹುಸಿ ಇಂಜೆಕ್ಷನ್ನಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಪೂರ್ತಿ ಹರಿದ ಸ್ನಾಯುರಜ್ಜುವನ್ನಂತೂ ಇದು ಕೂಡಿಸುವುದಿಲ್ಲ.

ಆದರೂ ಮಾಡಿಸುವುದಾದರೆ ಕೊಯ್ಲು ಮುಗಿದ ಮೇಲೆ, ಅಡಿಕೆಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯುವ ಕೆಲಸ ಶುರುವಾಗುವುದಕ್ಕೆ ಎರಡು ತಿಂಗಳಾದರೂ ಮುಂಚೆ ಮಾಡಿಸಿ. ಅದು ನಮ್ಮ ಕಡೆ ಮಂಗನ ಕಾಯಿಲೆಯ ಕಾಲವೂ ಹೌದು. ಅದಿರಲಿ, ಡೆಂಗಿ ಇರಲಿ, ಜ್ವರದಲ್ಲಿ ಪ್ಲೇಟ್‌ಲೆಟ್ ಬೀಳುತ್ತೆ. ಇತ್ತೀಚೆಗೆ ಜ್ವರ ಬಂದುಹೋಗಿದ್ದರೆ ಎಣಿಕೆ ಮಾಡಿಸಿ, ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದ್ದರೆ ಮುಂದೆ ಹಾಕಿ.

ಇಂಜೆಕ್ಷನ್ನಿಗೆ ಒಂದು ವಾರ ಮುಂಚೆ, ಎರಡು ವಾರ ಆಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೇಡ. ಬರೀ ಪ್ಯಾರಸಿಟಮಾಲ್ ಆಗಬಹುದು. ಮೆಡಿಕಲ್ ಶಾಪಿನಲ್ಲಿ ಕೊಡುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಸೇರಿರುತ್ತೆ, ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಿ. ಹೃದಯಕ್ಕೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ತಾವಾಗಿ ನಿಲ್ಲಿಸಲೇಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. ಇಂಜೆಕ್ಷನ್ ಆದ ಎರಡು–ಮೂರು ದಿನ ನೋವು ಜಾಸ್ತಿಯಾಗುವುದು ಸಹಜ. ಆಮೇಲೂ ಏರುತ್ತಾ ಹೋಗಿ, ಕೆಂಪಾಗಿ, ಜ್ವರ ಬಂದರೆ ಸೋಂಕಿರಬಹುದು, ಅದೇ ದಿನ ತೋರಿಸಿ.

ಅಪ್ಪಯ್ಯನ ಮೊಣಕಾಲಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಸವೆದ ಮೊಣಕಾಲಿನ 288 ಜನರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವರ್ಷದ ನಂತರ ಪಿಆರ್‌ಪಿಗೂ ಉಪ್ಪುನೀರಿನ ಇಂಜೆಕ್ಷನ್ನಿಗೂ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ (ಕೀಲಿನ ಮೆತ್ತೆ, ಕಾರ್ಟಿಲೇಜ್) ಗಣನೀಯ ವ್ಯತ್ಯಾಸ ಕಾಣಲಿಲ್ಲ. ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡಿಸಿ, ಅಡಿಕೆ ಸುಲಿಯಲು ನೆಲದ ಬದಲು ಎತ್ತರದ ಆಸನ ಕೊಡಿ. ಮೊಣಕಾಲು ಊದಿ ಬಿಸಿಯಿದ್ದರೆ, ಅಥವಾ ಮಡಚಿದ್ದು ಬಿಡಿಸಲಾಗದೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೂ ಆ ವಿಭಾಗ ಇದೆ.