ಮಾದರಿ ರೈಲುಗಳ ಬೆಲೆ ಯಾಕೆ ಇಷ್ಟು ಏರಿದೆ? ಕಡಿಮೆ ಖರ್ಚಲ್ಲಿ ಸಂಗ್ರಹಿಸುವುದು ಹೇಗೆ?

ಮುಖ್ಯ ಕಾರಣ ಅಚ್ಚು. ಎಚ್‌ಒ ಅಳತೆಯ (1:87, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲು) ಪ್ರತಿ ಹೊಸ ಎಂಜಿನ್‌ಗೂ ಉಕ್ಕಿನ ಅಚ್ಚು ಕೊರೆಯಬೇಕು. ಆ ಖರ್ಚು ಹಂಚಿಹೋಗುವುದು ಕೆಲವೇ ಪ್ರತಿಗಳ ಮೇಲೆ. ಮೊದಲು ಕೈಕಂಬಿಗಳು ಬಾಡಿಯಲ್ಲೇ ಅಚ್ಚಾಗಿರುತ್ತಿದ್ದವು. ಈಗ ಕೂದಲೆಳೆಯಂಥ ತಂತಿಯಲ್ಲಿ ಮಾಡಿ ಒಂದೊಂದನ್ನೂ ಕೈಯಿಂದ ಕೂರಿಸುತ್ತಾರೆ, ಚೀನಾದಲ್ಲಿ ಆ ಕೂಲಿಯೂ ಏರಿದೆ. ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶ ಓದಿ ಎಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟ್), ಸ್ಪೀಕರ್ ಸೇರಿದರೆ ಇನ್ನೂ ಜಾಸ್ತಿ. ಭಾರತಕ್ಕೆ ತರಿಸುವವರಿಗೆ ಸುಂಕದ ಪೆಟ್ಟು ಬೇರೆ: ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಮಾದರಿ ರೈಲುಗಳೂ ಅದೇ ಗುಂಪಿಗೆ ಬರುತ್ತವೆ.

ಹಾಗಾಗಿ ಹಳೆಯದನ್ನು ಕೊಳ್ಳಿ. ಓಡದ ಎಂಜಿನ್‌ನ ಮೋಟಾರು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಗ್ರೀಸ್ ಮೇಣದಂತೆ ಗಟ್ಟಿಯಾಗಿ ಗೇರ್ ಹಿಡಿದಿರುತ್ತದೆ, ಅಷ್ಟೇ. ಬಾಡಿ ಬಿಚ್ಚಿ, ಬಣ್ಣಕ್ಕೆ ತಗಲದಂತೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಎಣ್ಣೆಯನ್ನು ಸೂಜಿಮೊನೆಯಷ್ಟೇ ಬಿಡಿ. ಹೆಚ್ಚಾದರೆ ಮೋಟಾರಿನೊಳಗೆ ತಿರುಗುವ ಕಮ್ಯುಟೇಟರ್‌ಗೆ ಇಳಿದು, ಅದಕ್ಕೆ ತಾಗಿ ವಿದ್ಯುತ್ ಕೊಡುವ ಕಾರ್ಬನ್ ಬ್ರಷ್ ಕೆಡುತ್ತದೆ. ಮುಂದೆ ಡಿಕೋಡರ್ ಹಾಕುವುದಿದ್ದರೆ 8 ಪಿನ್ ಸಾಕೆಟ್ ಇರುವುದನ್ನೇ ಆರಿಸಿ.

ಒಂದು ಮಾತ್ರ ಮುಟ್ಟಬೇಡಿ: ಸತುವಿನ ಮಿಶ್ರಲೋಹದ ಚಾಸಿ ಉಬ್ಬಿ ಬಿರುಕು ಬಿಟ್ಟದ್ದು. ಎರಕದಲ್ಲಿ ಸೀಸ ಬೆರೆತರೆ ಲೋಹ ಒಳಗಿನಿಂದಲೇ ಪುಡಿಯಾಗುತ್ತಾ ಹೋಗುತ್ತದೆ. ಅದಕ್ಕೆ ರಿಪೇರಿ ಇಲ್ಲ.