ಪ್ರತಿಕ್ರಿಯೆ: ಬ್ಲಾಕಾ ಚಾರ್ಜಾ, ಮೊದ್ಲೇ ಊಹಿಸಿ ಊದ್ಬೋದಾ?

ಗುರು, ಬಾಸ್ಕೆಟ್‌ಬಾಲ್‌ನಲ್ಲಿ ಡ್ರೈವ್ ಬಂದಾಗ, ಅಂದ್ರೆ ಬಾಲ್ ಇರೋನು ರಿಂಗ್ ಕಡೆ ನುಗ್ಗಿ ಡಿಫೆಂಡರ್‌ಗೆ ಡಿಕ್ಕಿ ಹೊಡೆದಾಗ, ಬ್ಲಾಕಾ (ಡಿಫೆಂಡರ್ ಫೌಲ್) ಚಾರ್ಜಾ (ನುಗ್ಗಿದೋನ ಫೌಲ್) ಗೊತ್ತಾಗಲ್ಲ, ಮೊದ್ಲೇ ಗೆಸ್ ಮಾಡಿ ವಿಸಿಲ್ ಊದ್ಬಿಡ್ಲಾ ಅಂತ ಕೇಳಿದ್ಯಲ್ಲ, ಬೇಡ ಕಣಪ್ಪ. ಊಹೆ ಮಾಡ್ಬೇಕಾಗಿರೋದು ಆಟ ಎಲ್ಲಿಗೆ ಹೋಗುತ್ತೆ ಅನ್ನೋದನ್ನ, ಫೌಲ್‌ನ ಅಲ್ಲ. ನಾನು ಮಂಡ್ಯದಲ್ಲಿ ಕಾಲೇಜು ಹುಡುಗ್ರ ಮ್ಯಾಚ್‌ಗೆ ರೆಫ್ರಿ ಆಗಿ ನಿಂತ ಹೊಸದ್ರಲ್ಲಿ ಡಿಫೆಂಡರ್ ಕೈ ಬೀಸಿದ ತಕ್ಷಣ ಪೀ ಅಂತ ಊದ್ಬಿಟ್ಟೆ, ನೋಡುದ್ರೆ ಕೈ ಬರೀ ಬಾಲ್ ಮೇಲೆ, ಊದಿದ್ನ ವಾಪಸ್ ನುಂಗೋಕಾಗುತ್ತಾ? ಇಡೀ ಗ್ರೌಂಡ್ ಬಾಯಿಗೆ ಸಿಕ್ಕೆ.

ಬಾಲ್ ಬುಡು, ಡಿಫೆಂಡರ್‌ನ ನೋಡು. ಎದುರಾಳಿ ಕಡೆ ಮುಖ ಮಾಡಿ ಎರಡೂ ಕಾಲು ನೆಲದ ಮೇಲಿಟ್ಟು ಜಾಗ ಹಿಡಿದಿದ್ನಾ, ಅದೂ ಬಾಲ್ ಇರೋನು ಗಾಳಿಗೆ ಹಾರೋಕೆ ಮುಂಚೆ, ಡಿಕ್ಕಿ ಎದೆಗೆ ಆಯ್ತಾ, ಹೌದು ಅಂದ್ರೆ ಚಾರ್ಜ್. ಕಂಬದಂಗೆ ನಿಂತಿರ್ಲೇಬೇಕು ಅಂತ ನಮ್ಮ ಜನ ಕೂಗ್ತಾರೆ, ಹಂಗೇನಿಲ್ಲ, ಜಾಗ ಹಿಡಿದ್ಮೇಲೆ ಪಕ್ಕಕ್ಕೆ ಹಿಂದಕ್ಕೆ ಸರೀಬೋದು. ರಿಂಗ್ ಕೆಳಗಿನ 1.25 ಮೀಟರ್ ಅರ್ಧವೃತ್ತದ ಕಥೆ ಬೇರೆ, ಅಲ್ಲಿ ಡಿಫೆಂಡರ್ ನಿಂತಿದ್ರೆ ಹಾರಿ ಬಂದೋನ್ ಮೇಲೆ ಸಾಮಾನ್ಯವಾಗಿ ಚಾರ್ಜ್ ಕೊಡಲ್ಲ.

ಇಬ್ರೇ ರೆಫ್ರಿ ಇದ್ರೆ, ನಮ್ಮ ಕಡೆ ಬಹುತೇಕ ಹಂಗೇ, ಲೀಡ್ ಆದೋನು, ಅಂದ್ರೆ ಮುಂದೆ ಓಡೋ ರೆಫ್ರಿ, ಆಟ ಅಲ್ಲಿಗೆ ಬರೋಕೆ ಮುಂಚೆ ಬೇಸ್‌ಲೈನ್‌ಗೆ (ರಿಂಗ್ ಹಿಂದಿನ ಗೆರೆ) ಓಡಿ ಸೇರ್ಕೊಂಡು ಬಾಲ್ ಇರೋನು, ಡಿಫೆಂಡರ್ ಇಬ್ರ ಮಧ್ಯದ ಗ್ಯಾಪ್ ಕಾಣೋ ಹಂಗೆ ನಿಂತಿರ್ಬೇಕು, ಓಡ್ತಾ ಓಡ್ತಾ ನೋಡುದ್ರೆ ಎಲ್ಲಾ ಫೌಲ್ ಥರನೇ ಕಾಣುತ್ತೆ. ವಿಸಿಲ್ ಅರ್ಧ ಸೆಕೆಂಡ್ ಲೇಟ್ ಆದ್ರೆ ಆಗ್ಲಿ ಬುಡು, ಕೋಚ್ ಬೈದ್ರೂ ಪರ್ವಾಗಿಲ್ಲ.