ತೆಳು ಲ್ಯಾಪ್‌ಟಾಪಿನ ಅಂದಕ್ಕೆ ಎಷ್ಟು ಕೊಡಬಹುದು: ಹಕ್ಕಿ ಚಿತ್ರ ತೆಗೆಯುವ ಸದಸ್ಯರೊಬ್ಬರ ಪ್ರಶ್ನೆಗೆ ಉತ್ತರ

ನಮಸ್ಕಾರ ಮೇಡಂ. ಅಂಗಡಿಯಲ್ಲಿ ನೋಡಿದ 13 ಇಂಚಿನ ಲೋಹದ ಮೈಯ ಲ್ಯಾಪ್‌ಟಾಪ್ ಮನಸ್ಸಿಗೆ ಬಹಳ ಹಿಡಿಸಿದೆ, ಆದರೆ ಹೆಚ್ಚುಕಡಿಮೆ ಅಷ್ಟೇ ವೇಗದ ದಪ್ಪ ಲ್ಯಾಪ್‌ಟಾಪ್ ಎಷ್ಟೋ ಕಡಿಮೆ ಬೆಲೆಗೆ ಸಿಗುವಾಗ ಬರೀ ಅಂದಕ್ಕೆ ಹಣ ಸುರಿಯುವುದೇಕೆ ಎಂದು ಮನೆಯವರು ಕೇಳುತ್ತಿದ್ದಾರೆ ಎಂದು ತಾವು ಬರೆದಿದ್ದೀರಿ. ಗರಿಷ್ಠ 1,20,000 ರೂಪಾಯಿಯ ಮಿತಿ, ಹಕ್ಕಿಗಳ ರಾ ಫೈಲುಗಳ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರಗಳ) ಆಯ್ಕೆ ಮತ್ತು ತಿದ್ದುಪಡಿ, ಜೊತೆಗೆ ಕಾಲೇಜಿನ ಪಾಠದ ತಯಾರಿ ಎಂಬುದನ್ನೂ ತಿಳಿಸಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂದಕ್ಕೆ ಹಣ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಆ ಹಣವನ್ನು ಮೆಮೊರಿ ಮತ್ತು ಸ್ಟೋರೇಜನ್ನು ಕಡಿತ ಮಾಡಿ ಹೊಂದಿಸಬಾರದು.

ನಾವು ಅಂದ ಎಂದು ಕರೆಯುವುದರಲ್ಲಿ ಸಾಕಷ್ಟು ಭಾಗ ದಿನನಿತ್ಯದ ಕೆಲಸಕ್ಕೆ ಒದಗುವಂಥದ್ದೇ. ಅಂಗಡಿಯಲ್ಲಿ ಮುಚ್ಚಳ ತೆರೆದ ಲ್ಯಾಪ್‌ಟಾಪನ್ನು ಮುಂದಿನ ಒಂದು ಮೂಲೆಯಲ್ಲಿ ಮಾತ್ರ ಹಿಡಿದು ಮೇಲೆತ್ತಿ ನೋಡಿ. ಮೈ ತಿರುಚಿಕೊಂಡು ಕಿರ್ರೆಂದರೆ ಅದು ಅಗ್ಗದ ಪ್ಲಾಸ್ಟಿಕ್ಕಿನ ಗುಣ. ಒಳ್ಳೆಯ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರಿನ ಮೈ ಅಲುಗುವುದಿಲ್ಲ. ಒಂದೇ ಬೆರಳಿನಿಂದ ಮುಚ್ಚಳ ಎತ್ತಿದಾಗ ತಳಭಾಗ ಮೇಜಿನಿಂದ ಏಳಬಾರದು, ಕೀಬೋರ್ಡಿನ ನಡುವೆ ಒತ್ತಿದಾಗ ಅದು ತಗ್ಗಬಾರದು. ಕ್ಯಾಮೆರಾ, ಎರಡು ಕಿಲೋ ಆಸುಪಾಸಿನ ಟೆಲಿ ಲೆನ್ಸ್ ಮತ್ತು ಟ್ರೈಪಾಡುಗಳ ಜೊತೆ ಜೀಪಿನಲ್ಲಿ ಕುಲುಕಾಡುವ ಚೀಲದಲ್ಲಿ ಹಲವು ವರ್ಷ ಬಾಳಬೇಕಾದ ಯಂತ್ರಕ್ಕೆ ಈ ಗಟ್ಟಿತನ ಅಲಂಕಾರವಲ್ಲ. ತೂಕವೂ ಅಷ್ಟೇ ಮುಖ್ಯ; ಆದರೆ ತೂಕ ನೋಡುವಾಗ ಚಾರ್ಜರನ್ನೂ ತಪ್ಪದೆ ಸೇರಿಸಿ, ಏಕೆಂದರೆ ಹಗುರ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಯುಎಸ್‌ಬಿ-ಸಿ ಮೂಲಕ ಸಣ್ಣ ಚಾರ್ಜರಿನಿಂದಲೇ ಚಾರ್ಜ್ ಆಗುತ್ತವೆ, ಗೇಮಿಂಗಿಗೆಂದು ಮಾಡಿದ ದಪ್ಪ ಯಂತ್ರಗಳ ಅಡಾಪ್ಟರ್ ಮಾತ್ರ ಬೇರೆಯೇ ಒಂದು ಹೊರೆ.

ಪರದೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಹಣ ಕೊಟ್ಟಾಗ ನಮ್ಮ ಹವ್ಯಾಸಕ್ಕೆ ನಿಜವಾದ ಲಾಭ ಸಿಗುವುದು ಅಲ್ಲಿ. ಕಡಿಮೆ ಬೆಲೆಯ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಒಂದು ಹಳೆಯ ಟಿವಿ ಅಳತೆ) ಎಂದು ಗುರುತಿಸುವ ಪರದೆ ಇರುತ್ತದೆ. ಅದು ಎಸ್‌ಆರ್‌ಜಿಬಿ, ಅಂದರೆ ಜಾಲತಾಣಗಳ ಚಿತ್ರಗಳಿಗೆ ಸಾಮಾನ್ಯವಾಗಿ ಬಳಸುವ ಮಾನದಂಡದ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸಬಲ್ಲದು. ಗಣೇಶಗುಡಿಯಲ್ಲಿ ತೆಗೆದ ಗಂಡು ಮಲಬಾರ್ ಟ್ರೋಗನ್ ಚಿತ್ರವನ್ನು ಅಂಥ ಪರದೆಯಲ್ಲಿ ತೆರೆದರೆ ಹೊಟ್ಟೆಯ ಕಡುಗೆಂಪು ಮಂಕು ಇಟ್ಟಿಗೆಯ ಬಣ್ಣವಾಗಿ ಕಾಣುತ್ತದೆ. ಅದನ್ನು ಸರಿಪಡಿಸಲೆಂದು ನಾವು ಬಣ್ಣ ಏರಿಸುತ್ತೇವೆ. ಆಮೇಲೆ ಅದೇ ಚಿತ್ರ ಗೆಳೆಯರ ಮೊಬೈಲಿನಲ್ಲಿ ಗರಿಗಳ ವಿವರವೇ ಇಲ್ಲದ ಕೆಂಪು ಮುದ್ದೆಯಾಗುತ್ತದೆ. ನೂರಕ್ಕೆ ನೂರು ಎಸ್‌ಆರ್‌ಜಿಬಿ ಇರುವ ಪರದೆ ಕನಿಷ್ಠ ಅಗತ್ಯ, ಅದಕ್ಕಿಂತ ಹೆಚ್ಚು ಬಣ್ಣ ತೋರಿಸುವ ಪಿ3 ವ್ಯಾಪ್ತಿ ಇದ್ದರೆ ಇನ್ನೂ ಒಳ್ಳೆಯದು. ಮನೆಯವರಿಗೆ ತಾವು ತೋರಿಸಬಹುದಾದ ಅತ್ಯಂತ ಪ್ರಾಮಾಣಿಕ ಕಾರಣವೂ ಇದೇ. ಎರಡು ಯಂತ್ರಗಳಲ್ಲಿ ಒಂದೇ ಚಿತ್ರ ತೆರೆದು ಪಕ್ಕಪಕ್ಕದಲ್ಲಿಟ್ಟರೆ ವಾದದ ಅಗತ್ಯವೇ ಬೀಳುವುದಿಲ್ಲ.

ಇನ್ನು ಎಚ್ಚರಿಕೆಯ ಮಾತು. ಅಂದವು ಯಾವುದನ್ನಾದರೂ ತೆಗೆದುಹಾಕಿ ಬಂದಿದ್ದರೆ, ತೆಗೆದದ್ದು ಏನು ಎಂಬುದನ್ನು ಮೊದಲು ನೋಡಿ. 2008ರಲ್ಲಿ ಸ್ಟೀವ್ ಜಾಬ್ಸ್ ಲಕೋಟೆಯಿಂದ ಹೊರತೆಗೆದು ತೋರಿಸಿದ ಮೊದಲ ಮ್ಯಾಕ್‌ಬುಕ್ ಏರ್ ಬೆಲೆ 1,799 ಡಾಲರ್. ಅದರಲ್ಲಿದ್ದುದು ಒಂದೇ ಯುಎಸ್‌ಬಿ ಪೋರ್ಟ್ ಮತ್ತು 80 ಜಿಬಿಯ ನಿಧಾನಗತಿಯ ಹಾರ್ಡ್ ಡಿಸ್ಕ್. 2010ರ ಹೊತ್ತಿಗೆ ಅದರ 11 ಇಂಚಿನ ಮಾದರಿ ಫ್ಲ್ಯಾಶ್ ಸ್ಟೋರೇಜ್ ಮತ್ತು ಎರಡು ಯುಎಸ್‌ಬಿ ಪೋರ್ಟುಗಳೊಂದಿಗೆ 999 ಡಾಲರಿಗೆ ಬಂತು. 2015ರ 12 ಇಂಚಿನ ಮ್ಯಾಕ್‌ಬುಕ್ 920 ಗ್ರಾಂ ತೂಗುತ್ತಿತ್ತು, ನೋಡಲು ಅಷ್ಟೊಂದು ಸೊಗಸಾಗಿತ್ತು. ಆದರೆ ಅದರ ಚಪ್ಪಟೆ ಬಟರ್‌ಫ್ಲೈ ಕೀಬೋರ್ಡಿನ ದೋಷಗಳಿಂದಾಗಿ ಆಪಲ್ 2018ರಲ್ಲಿ ಉಚಿತ ದುರಸ್ತಿ ಯೋಜನೆಯನ್ನೇ ಪ್ರಕಟಿಸಬೇಕಾಯಿತು, ಮರುವರ್ಷ ಆ ಮಾದರಿ ನಿಂತುಹೋಯಿತು. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ನಿನ 2014ರ ಮಾದರಿಯಲ್ಲಿ ಕೀಬೋರ್ಡಿನ ಮೇಲ್ಸಾಲಿನ ಫಂಕ್ಷನ್ ಕೀಗಳನ್ನು ತೆಗೆದು ಮುಟ್ಟುವ ಪಟ್ಟಿಯೊಂದನ್ನು ಹಾಕಿದ್ದರು. ಒಂದೇ ವರ್ಷದಲ್ಲಿ ಹಳೆಯ ಕೀಗಳು ಮರಳಿ ಬಂದವು. 2022ರ ಡೆಲ್ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಹೆಡ್‌ಫೋನ್ ಜಾಕ್ ಕೂಡ ಇರಲಿಲ್ಲ. ಆದ್ದರಿಂದ ಹೊಚ್ಚಹೊಸ ವಿನ್ಯಾಸದ ಮೊದಲ ಮಾದರಿಯನ್ನು ಬಿಟ್ಟು, ಅದೇ ವಿನ್ಯಾಸ ಎರಡು ಮೂರು ವರ್ಷ ಬಳಕೆಯಲ್ಲಿ ಪಳಗಿದ ಮೇಲೆ ಕೊಳ್ಳುವುದು ಮೇಲು. ಅಷ್ಟರಲ್ಲಿ ಅಂದ ಹಾಗೆಯೇ ಉಳಿದಿರುತ್ತದೆ, ದೋಷಗಳು ಬಯಲಾಗಿರುತ್ತವೆ, ಬೆಲೆಯೂ ಎಷ್ಟೋ ಸಲ ಇಳಿದಿರುತ್ತದೆ.

ಮೆಮೊರಿಯ ಮಾತಿಗೆ ಬರುತ್ತೇನೆ. ಇಂದಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬಹುಮಟ್ಟಿಗೆ ಬೋರ್ಡಿಗೇ ಬೆಸೆದಿರುತ್ತದೆ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ರಾ ಸಂಸ್ಕರಣೆಗೆ, ಅದರಲ್ಲೂ ಈಗಿನ ನಾಯ್ಸ್ (ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ತೆಗೆಯುವ ತಂತ್ರಾಂಶಗಳಿಗೆ, 16 ಜಿಬಿ ಕನಿಷ್ಠ. ಸ್ಟೋರೇಜಿನ ಲೆಕ್ಕವನ್ನು ತಾವೇ ಹಾಕಿ ನೋಡಿ: 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25ರಿಂದ 30 ಎಂಬಿ, ಹಾರುವ ಹಕ್ಕಿಗೆ ಬರ್ಸ್ಟ್ ಹೊಡೆದರೆ (ಒಂದೇ ಸಮನೆ ಸರಣಿಯಾಗಿ ಚಿತ್ರ ತೆಗೆದರೆ) ಒಂದು ಬೆಳಗ್ಗೆ 1,000 ಚಿತ್ರಗಳಾಗುವುದು ಹೆಚ್ಚೇನಲ್ಲ, ಅಂದರೆ 30 ಜಿಬಿ ಆಸುಪಾಸು. ಆಪರೇಟಿಂಗ್ ಸಿಸ್ಟಂ ಮತ್ತು ತಂತ್ರಾಂಶಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ 256 ಜಿಬಿಯ ಡಿಸ್ಕ್ ಒಂದು ವಾರದ ಪ್ರವಾಸಕ್ಕೂ ಸಾಲದು.

ಆಪಲ್‌ನ ಎಂ4 ಚಿಪ್ಪಿನ 13 ಇಂಚಿನ ಮ್ಯಾಕ್‌ಬುಕ್ ಏರ್ 2025ರ ಮಾರ್ಚ್‌ನಲ್ಲಿ ಬಂದಾಗ 16 ಜಿಬಿ ಮೆಮೊರಿ ಮತ್ತು 256 ಜಿಬಿ ಸ್ಟೋರೇಜಿನ ಮಾದರಿಗೆ 99,900 ರೂಪಾಯಿ, 512 ಜಿಬಿಯದಕ್ಕೆ 1,19,900 ರೂಪಾಯಿ ಇತ್ತು. ಸ್ಟೋರೇಜಿನ ಒಂದು ಮೆಟ್ಟಿಲಿಗೆ 20,000 ರೂಪಾಯಿ ಎಂದರೆ ದುಬಾರಿಯೇ ಹೌದು. ಆದರೆ ಅದರ ಡಿಸ್ಕನ್ನು ಮುಂದೆ ಬದಲಾಯಿಸಲು ಅವಕಾಶವಿಲ್ಲದ್ದರಿಂದ 1,20,000ದ ಮಿತಿಯಲ್ಲಿ ನಾನಾದರೆ 512 ಜಿಬಿಯದನ್ನೇ ಆರಿಸುತ್ತೇನೆ, ಹಳೆಯ ಚಿತ್ರಗಳಿಗೆ ಹೊರಗಿನ ಎಸ್‌ಎಸ್‌ಡಿ ಒಂದನ್ನು ಇಟ್ಟುಕೊಳ್ಳುತ್ತೇನೆ. ತಾವು ಬೋಧಕರಾದ್ದರಿಂದ ಆಪಲ್‌ನ ಶಿಕ್ಷಣ ರಿಯಾಯಿತಿ ತಮಗೂ ಅನ್ವಯಿಸುತ್ತದೆ. ಕಾಲೇಜಿನ ಗುರುತಿನ ಚೀಟಿ ತೋರಿಸಿ ಕೇಳಲು ಸಂಕೋಚ ಬೇಡ. ಈ ಯಂತ್ರದ ತೂಕ 1.24 ಕಿಲೋ, ಪರದೆ ಪಿ3 ವ್ಯಾಪ್ತಿಯದು. ಎರಡು ಕೊರತೆಗಳೂ ಇವೆ. ಎಸ್‌ಡಿ ಕಾರ್ಡಿನ ಕಿಂಡಿ ಇಲ್ಲ, ಹಾಗಾಗಿ ಕಾರ್ಡ್ ರೀಡರ್ ಜೊತೆಗಿರಬೇಕು. ಫ್ಯಾನ್ ಇಲ್ಲದ್ದರಿಂದ ಸದ್ದಿಲ್ಲ, ಆದರೆ ನೂರಾರು ಫೈಲುಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವಾಗ ಮೈ ಬಿಸಿಯಾಗಿ ವೇಗ ಇಳಿಯುತ್ತದೆ. ಹತ್ತು ಹದಿನೈದು ಚಿತ್ರ ತಿದ್ದುವಾಗ ಇದು ಗೊತ್ತಾಗುವುದಿಲ್ಲ.

ವಿಂಡೋಸ್ ಬೇಕೆಂದರೆ ಒಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಪರದೆಯ ಏಸಸ್ ಜೆನ್‌ಬುಕ್ 14 ನೋಡಿ. ತೂಕ ಸುಮಾರು 1.2 ಕಿಲೋ, ಎಚ್‌ಡಿಎಂಐ ಮತ್ತು ಸಾಧಾರಣ ಯುಎಸ್‌ಬಿ ಪೋರ್ಟ್ ಎರಡೂ ಇವೆ, ತರಗತಿಯ ಪ್ರೊಜೆಕ್ಟರಿಗೆ ನೇರವಾಗಿ ಜೋಡಿಸಬಹುದು. ರ‍್ಯಾಮ್ ಬೆಸೆದದ್ದೇ ಆದರೂ ಎಸ್‌ಎಸ್‌ಡಿ ಬದಲಾಯಿಸಬಹುದು. ಒಎಲ್‌ಇಡಿ ಪರದೆ ಹೊಳೆಯುವಂಥದ್ದು, ಬಿಸಿಲಿನಲ್ಲಿ ಕನ್ನಡಿಯಾಗುತ್ತದೆ. ಬೆಳಕು ಬಹಳ ತಗ್ಗಿಸಿದಾಗ ಅದರ ಮಿನುಗು ಕೆಲವರ ಕಣ್ಣಿಗೆ ಹಿಡಿಸುವುದಿಲ್ಲ. ಮನೆಯವರ ವಾದದಲ್ಲಿ ಹುರುಳಿದೆ ಎನ್ನಿಸಿದರೆ 2024ರ ಥಿಂಕ್‌ಪ್ಯಾಡ್ ಟಿ14 ಐದನೇ ತಲೆಮಾರಿನದನ್ನು ಪರಿಗಣಿಸಿ. ನೋಟಕ್ಕೆ ಸಾದಾ ಕಪ್ಪು ಪೆಟ್ಟಿಗೆ. ಆದರೆ ರ‍್ಯಾಮಿಗೆ ಎರಡು ಸ್ಲಾಟುಗಳಿವೆ, ಬ್ಯಾಟರಿ ತೆಗೆಯುವುದು ಸುಲಭ, ದುರಸ್ತಿಯ ಅನುಕೂಲಕ್ಕಾಗಿ, ಯಂತ್ರಗಳನ್ನು ಬಿಚ್ಚಿ ಪರೀಕ್ಷಿಸುವ ಐಫಿಕ್ಸಿಟ್ ಸಂಸ್ಥೆ ಹತ್ತರಲ್ಲಿ ಒಂಬತ್ತು ಅಂಕ ಕೊಟ್ಟ ಯಂತ್ರವದು.

ಅಂಗಡಿಗೆ ಹೋಗುವಾಗ ತಮ್ಮ ಕ್ಯಾಮೆರಾದ ಕಾರ್ಡು ಮತ್ತು ರೀಡರನ್ನು ಒಯ್ಯಿರಿ. ತಮಗೆ ಚೆನ್ನಾಗಿ ಪರಿಚಯವಿರುವ ಒಂದು ಚಿತ್ರವನ್ನು ತೆರೆದು, ಅಂಗಡಿಯವರು ಪೂರ್ತಿ ಏರಿಸಿಟ್ಟಿರುವ ಬೆಳಕನ್ನು ಅರ್ಧಕ್ಕೆ ಇಳಿಸಿ, ಕೆಂಪು ಮತ್ತು ಹಸಿರು ಗರಿಗಳನ್ನು ನೋಡಿ. ಆರಿಸಿಕೊಂಡ ಮೇಲೆ, ಹಣ ಕಟ್ಟುವ ಮೊದಲು, ಪೆಟ್ಟಿಗೆಯ ಮೇಲಿನ ಪೂರ್ತಿ ಮಾಡೆಲ್ ಸಂಖ್ಯೆಯ ಫೋಟೊ ತೆಗೆದು ಇಲ್ಲಿ ಹಾಕಿ. ಈಗ ಹೇಳಿದ ಟಿ14 ಕೂಡ ಅದೇ ಹೆಸರಿನಲ್ಲಿ ಒಳ್ಳೆಯ ಪರದೆಯೊಂದಿಗೂ ಬರುತ್ತದೆ, 45% ಎನ್‌ಟಿಎಸ್‌ಸಿ ಪರದೆಯೊಂದಿಗೂ ಬರುತ್ತದೆ. ಸಂಖ್ಯೆ ನೋಡಿದರೆ ಯಾವುದೆಂದು ಪರಿಶೀಲಿಸಿ ಹೇಳುತ್ತೇನೆ.